ಬೋರ್ಡೇ ಇಲ್ಲದ ಕ್ರಾಸ್‌ನ್ಯಾಗ ಮೊದಲು ಯಾರು ಹೋಗ್ಬೇಕು? ಜರ್ಮನಿಗಿ ಹೊಂಟೀನಿ, ಗೊತ್ತಿದ್ದೋರು ಹೇಳ್ರಿ

ಗಣಿತದ ಅಕ್ಕೋರು (ಕಲಬುರಗಿ)

ನಮಸ್ಕಾರ ರೀ ಎಲ್ಲಾರಿಗೂ. ಮಗಳ ಬಾಣಂತನಕ್ಕ ಜರ್ಮನಿಗಿ ಹೊಂಟೀನಿ. ಸ್ಟುಟ್‌ಗಾರ್ಟ್‌ನಿಂದ ಸ್ವಲ್ಪ ಹೊರಗ, ಸಣ್ಣ ಊರು. ಅಳಿಯಂದ್ರು ವಾರದಾಗ ಎರಡ್ಮೂರು ದಿನ ಬ್ಯಾರೆ ಊರಾಗ ಕೆಲಸಕ್ಕ ಇರ್ತಾರ. ಆ ದಿನ ದವಾಖಾನಿ, ಕೂಸಿನ ಡಾಕ್ಟ್ರು, ಸಂತಿ-ಪಂತಿ, ಇವಕ್ಕೆಲ್ಲ ಗಾಡಿ ಯಾರು ಹೊಡೀಬೇಕು? ನಮ್ಮನ್ಯಾಗ ಗಾಡಿ ಹೊಡಿಯೋಕಿ ನಾನೇ. ನಮ್ಮನಿಯವ್ರು ಸ್ಟೇರಿಂಗ್ ಮುಟ್ಟಂಗಿಲ್ಲ. ಬಾಜೂಕ ಕುಂತು ಬ್ರೇಕ್ ಒತ್ತತಾರ, ಅದೂ ಇಲ್ಲದ ಬ್ರೇಕು.

ಅಳಿಯಂದ್ರು "ಅತ್ತಿ, ನೀವು ಅಲ್ಲಿ ಗಾಡಿ ಹೊಡಿಯೋದು ಬ್ಯಾಡ, ಅಲ್ಲಿ ರೂಲ್ಸ್ ಭಾಳ" ಅಂದ್ರು. ಹೈಸ್ಕೂಲಿನ್ಯಾಗ ಗಣಿತ ಕಲಿಸಿ ರಿಟೈರ್ ಆದಾಕಿ ನಾ. ರೂಲ್ಸ್ ಭಾಳ ಅವ ಅಂತ ಹೇಳಿ ನನಗ ಹೆದರಸ್ತಾರೇನು? ರೂಲ್ಸ್ ಇಲ್ಲದ ಕಡಿ ಗಾಡಿ ಹೊಡಿಯೋದೇ ತ್ರಾಸು. ಸುಗ್ಗಿ ಹೊತ್ತಿನ್ಯಾಗ ರಾತ್ರಿ ಆಳಂದ ರೋಡಿನ್ಯಾಗ ಹಿಂದ ಲೈಟ್ ಇಲ್ಲದ ಕಬ್ಬಿನ ಡಬಲ್ ಟ್ರೇಲರ್ ನೋಡಿದೋರಿಗಿ ಈ ಮಾತು ತಿಳಿತದ.

ಅವ್ರು ಕಳಿಸಿದ ಪುಸ್ತಕ ಓದೀನಿ. ಬೋರ್ಡುಗಳು ಅರ್ಧಕ್ಕಿಂತ ಹೆಚ್ಚು ನಮ್ಮವೇ. ಕೆಂಪು ಗುಂಡಾದೊಳಗ ಅಂಕಿ ಇದ್ರ ಸ್ಪೀಡು, ಕೆಂಪು ತ್ರಿಕೋನ ಇದ್ರ ಹುಷಾರು. ಅದರಾಗ ಏನೂ ತೊಡಕಿಲ್ಲ. ತೊಡಕು ಬಂದದ್ದು ಬೋರ್ಡು ಇಲ್ಲದ ಕಡಿ. ಸಿಗ್ನಲ್ಲೂ ಇಲ್ಲ, ಬೋರ್ಡೂ ಇಲ್ಲ ಅಂದ್ರ ಬಲಗಡಿಂದ ಬರೋ ಗಾಡಿ ಮೊದಲಂತ. ಸರಿ. ಆದ್ರ ನಾನು ಅಗಲ ರಸ್ತಾದಾಗ ನೇರ ಹೊಂಟೀನಿ, ಬಲಗಡಿ ಒಂದು ಸಣ್ಣ ಓಣಿಯೊಳಗಿಂದ ಒಂದು ಗಾಡಿ ಮೂತಿ ಹೊರಗ ಹಾಕ್ತು ಅಂತ ಇಟ್ಕೋರಿ. ಅವನ ಸಲುವಾಗಿ ನಾ ನಿಂದರ್ಬೇಕೇನು? ಓಣಿಯವನಲ್ಲೇನು ನಿಂದರೋನು? ಅಳಿಯಂದ್ರು "ಹೌದ್ರಿ, ನೀವೇ ನಿಂದರ್ಬೇಕು" ಅಂತಾರ. ನನಗ ನಂಬಿಕಿ ಬರ್ಲತ್ತಿಲ್ಲ. ಅವ್ರು ನನಗ ಹೆದರ್ಸಲಕ್ಕ ಹೇಳ್ಲತ್ತಾರೋ, ಖರೇನೋ?

ಎರಡನೇದು, ಅಲ್ಲಿ ಡಿಪ್ಪರ್ ಹೊಡಿಯೋದು, ಹಾರ್ನ್ ಹೊಡಿಯೋದು ಹ್ಯಾಂಗ ನಡೀತದ? ಮೂರನೇದು ಕಾಗದ-ಪತ್ರದ್ದು. ಇಲ್ಲಿ ಆರ್‌ಟಿಓದಾಗ ಒಂದು ಇಂಟರ್‌ನ್ಯಾಷನಲ್ ಪರ್ಮಿಟ್ ಕೊಡ್ತಾರಂತ, ಅದೊಂದೇ ಇದ್ರ ಸಾಕೇನು? ಅಲ್ಲೇ ಇದ್ದು ಗಾಡಿ ಹೊಡ್ದೋರು ಹೇಳಿದ್ರ ಛಲೋ ಆಗ್ತದ. ಯೂಟ್ಯೂಬ್ ವೀಡಿಯೊ ಕಳಿಸ್ಬ್ಯಾಡ್ರಿ, ಭಾಳ ನೋಡೀನಿ.

---

ಬಹಮನಿ ಬೈಕರ್ (ಕಲಬುರಗಿ)

ಟೀಚರ್, ಸಿಟ್ಟಾಗ್ಬ್ಯಾಡ್ರಿ, ಅಲ್ಲಿ ಗಾಡಿ ಯಾಕ ಬೇಕು? ಜರ್ಮನಿಯಾಗ ಒಂದು ತಿಂಗಳ ಪಾಸ್ ಅದ, 2025ರಾಗ 58 ಯೂರೋ ಇತ್ತು. ಊರ ಬಸ್ಸು, ಟ್ರಾಮು, ಲೋಕಲ್ ಟ್ರೇನು ಎಲ್ಲಾ ಅದರಾಗೇ ಬರ್ತದ, ಇಡೀ ದೇಶಕ್ಕ. ಫಾಸ್ಟ್ ಟ್ರೇನ್ ಒಂದಕ್ಕ ನಡಿಯಂಗಿಲ್ಲ. ಕೂಸಿನ ತಳ್ಳೋ ಗಾಡಿ ಸೀದಾ ಬಸ್ಸಿನೊಳಗ ಏರಸ್ತಾರ. ನಮ್ಮಣ್ಣ ಅಲ್ಲಿ ಇಷ್ಟು ವರ್ಷದಿಂದ ಇದ್ದಾನ, ಗಾಡಿ ತಗೊಂಡೇ ಇಲ್ಲ. ಈ ವಯಸ್ಸಿನ್ಯಾಗ ಎಡಕ್ಕ-ಬಲಕ್ಕ ಅದ್ಲುಬದ್ಲು ಮಾಡ್ಕೊಂಡು ತಲಿಬ್ಯಾನಿ ಯಾಕ ತಗೋತೀರಿ?

---

ಭಾಲ್ಕಿ ಹುಡುಗ (ಊರು ಭಾಲ್ಕಿ, ಈಗ ಜರ್ಮನಿ)

ಅಕ್ಕೋರ, ನಿಮ್ಮ ಅಳಿಯಂದ್ರು ಹೆದರ್ಸಲಕ್ಕ ಹೇಳಿಲ್ಲ. ಖರೇನೇ ನೀವೇ ನಿಂದರ್ಬೇಕು.

ಮೊದಲು ಅದನ್ನೇ ಬಿಡಿಸಿ ಹೇಳ್ತೀನಿ, ಯಾಕಂದ್ರ ನಮ್ಮ ಕಡಿಂದ ಬಂದೋರಿಗಿ ಜರ್ಮನಿಯ ಡ್ರೈವಿಂಗ್ ಪರೀಕ್ಷಾದಾಗ ಸಿಕ್ಕಿ ಬೀಳೋ ಜಾಗ ಇದೇ. (ನೀವು ಪರೀಕ್ಷಾ ಕೊಡೋದಿಲ್ಲ ಬಿಡ್ರಿ. ಇಲ್ಲೇ ಮನಿ ಮಾಡಿ ಉಳಿಯೋರಿಗಿ ನಮ್ಮ ಲೈಸೆನ್ಸ್ ಆರು ತಿಂಗಳ ತನಕ ನಡೀತದ, ಆಮ್ಯಾಲ ಥಿಯರಿ, ಪ್ರಾಕ್ಟಿಕಲ್ ಎರಡೂ ಪಾಸಾಗ್ಬೇಕು. ನೀವು ವಿಸಿಟ್‌ಗಿ ಬರೋರು.)

ರಸ್ತಾ ಅಗಲ ಅದ ಅಂದಾಕ್ಷಣ ಅದು ದೊಡ್ಡ ರಸ್ತಾ ಆಗಂಗಿಲ್ಲ. ದೊಡ್ಡದು ಹೌದೋ ಅಲ್ಲೋ ಅಂತ ಹೇಳೋದು ಬೋರ್ಡು. ಹಳದಿ ಬಣ್ಣದ ಚೌಕ, ಮೂಲಿ ಮ್ಯಾಲ ನಿಂತದ್ದು, ಸುತ್ತ ಬಿಳಿ ಅಂಚು. ಅದು ಕಂಡ್ರ ನೀವು ಮುಖ್ಯ ರಸ್ತಾದಾಗ ಇದ್ದೀರಿ. ಅದೇ ಚೌಕದ ಮ್ಯಾಲ ಕರಿ ಗೆರಿ ಎಳೆದದ್ದು ಬರೋ ತನಕ ಓಣಿಯವ್ರೆಲ್ಲ ನಿಮಗ ದಾರಿ ಬಿಡಬೇಕು. ಇನ್ನೊಂದು ಬೋರ್ಡದ, ಕೆಂಪು ತ್ರಿಕೋನದೊಳಗ ಕೆಳಗಿಂದ ಮ್ಯಾಲಕ್ಕ ದಪ್ಪ ಬಾಣ, ನಡುವ ಅಡ್ಡ ಸಣ್ಣ ಗೆರಿ. ಅದರ ಹಕ್ಕು ಮುಂದಿನ ಒಂದೇ ಕ್ರಾಸಿಗಿ. ಕ್ರಾಸ್ ದಾಟಿದ್ರ ಮುಗೀತು. ಈ ಎರಡೂ ಇಲ್ಲ, ಓಣಿಯವನ ಕಡಿ ತಲಿಕೆಳಗಾದ ತ್ರಿಕೋನ ಇಲ್ಲ, ಸ್ಟಾಪ್ ಬೋರ್ಡಿಲ್ಲ ಅಂದ್ರ ಬಲಗಡಿಯವನೇ ಮೊದಲು. ಅವ ಸೈಕಲ್ ಮ್ಯಾಲ ಇದ್ದರೂ ಅಷ್ಟೇ.

ಇದು ಎಲ್ಲಿ ಹೆಚ್ಚು ಸಿಗ್ತದ ಅಂದ್ರ ಮನಿಗಳಿರೋ ಕಡಿ. 30 ಅಂತ ಬರೆದು ಕೆಳಗ "ಜೋನ್" ಅಂತ ಬೋರ್ಡ್ ಕಂಡ್ರ ಆ ಇಡೀ ಬಡಾವಣಿಗಿ 30 ಸ್ಪೀಡು, ಮತ್ತ ಒಳಗಿನ ಕ್ರಾಸು ಹೆಚ್ಚಾಗಿ ಬಲಗಡಿ ಲೆಕ್ಕದವೇ. ನಿಮ್ಮ ಮಗಳ ಮನಿ ಅಂಥಾ ಕಡಿನೇ ಇರ್ತದ. ಅಲ್ಲಿ ಕಾರುಗಳನ್ನ ಒಂದು ಬಾಜೂಕ ನಿಂದರ್ಸಿ ರಸ್ತಾ ಇಕ್ಕಟ್ಟಾಗಿರ್ತದ, ಓಣಿ ಬಾಯಿ ಕಾಣಂಗಿಲ್ಲ. ನನ್ನ ಡ್ರೈವಿಂಗ್ ಮಾಸ್ತರು ಪ್ರತಿ ಓಣಿ ಬಂದಾಗೂ ಕಾಲು ಎಕ್ಸಲೇಟರ್ ಬಿಟ್ಟು ಬ್ರೇಕ್ ಮ್ಯಾಲ ಬರ್ಬೇಕು, ಕುತ್ತಿಗಿ ಬಲಕ್ಕ ತಿರಗ್ಬೇಕು ಅಂತಿದ್ರು. ಕಣ್ಣು ತಿರುಗಿಸಿದ್ರ ಸಾಲದು, ಕುತ್ತಿಗಿ ತಿರುಗಿದ್ದು ಅವರಿಗಿ ಕಾಣ್ಬೇಕು.

ಈಗ ನಮ್ಮವ್ರಿಗಿ ತಿಳಿಯದ ಮಾತು ಬರ್ತದ. ನಮ್ಮಲ್ಲಿ ಕ್ರಾಸ್‌ನ್ಯಾಗ ಯಾರು ಮೊದಲು ಅನ್ನೋದು ಅಲ್ಲೇ ತೀರ್ಮಾನ ಆಗೋದು. ಅವನ ಮುಖ ನೋಡ್ತೀವಿ, ಗಾಡಿ ಎಷ್ಟು ದೊಡ್ಡದು ನೋಡ್ತೀವಿ, ಒಂದು ಹಾರ್ನ್ ಹಾಕ್ತೀವಿ, ಅವ ತಡದ್ರ ನಾವು ಹೋಗ್ತೀವಿ. ಸೂಪರ್ ಮಾರ್ಕೆಟ್ ಹತ್ರ ಆಟೋದವ ಪೂರಾ ಅಡ್ಡ ಬಂದ್ರೂ ನಮಗ ಆಶ್ಚರ್ಯ ಇಲ್ಲ, ಬರ್ತಾನ ಅಂತ ಗೊತ್ತೇ ಇರ್ತದ. ಇಲ್ಲಿ ತೀರ್ಮಾನ ಮೊದಲೇ ಆಗಿ ಹೋಗಿರ್ತದ. ಬಲಗಡಿಂದ ಬರೋನು ತನ್ನ ಹಕ್ಕು ತನಗದ ಅಂತ ಸ್ಪೀಡ್ ಇಳಸದೇ ಬಂದುಬಿಡ್ತಾನ. ನೀವು ನಿಂದರ್ತೀರಿ ಅಂತ ಅವನಿಗಿ ಸಂಶಯನೇ ಇಲ್ಲ. ನಮ್ಮ ರಸ್ತಾದ ಗದ್ದಲದಾಗ ಒಂದು ಲಾಭ ಅದ, ಯಾರೂ ಯಾರನ್ನೂ ನಂಬಂಗಿಲ್ಲ. ಇಲ್ಲಿ ನಂಬಿಕಿ ಮ್ಯಾಲೇ ಎಲ್ಲಾ ನಡೀತದ, ಅದಕ್ಕ ನೀವೊಬ್ರು ತಪ್ಪಿದ್ರ ಎದುರಿನವ ಸಂಭಾಳಿಸಲಕ್ಕ ತಯಾರೇ ಇರಂಗಿಲ್ಲ.

ಇದರ ಉಲ್ಟಾನೂ ಅಷ್ಟೇ ಖರೆ. ಹಕ್ಕು ನಿಮ್ಮದಿದ್ದಾಗ ಮರ್ಯಾದಿಗಿ ಅಂತ ನಿಂತು "ನೀವು ಹೋಗ್ರಿ" ಅನ್ನೋದೂ ತೊಂದ್ರಿನೇ. ಹಿಂದಿನವ ನೀವು ಹೋಗ್ತೀರಿ ಅಂತ ತಿಳ್ಕೊಂಡಿರ್ತಾನ. ಹಳದಿ ಚೌಕದ ರಸ್ತಾದಾಗ ಕಾರಣ ಇಲ್ಲದೇ ಬ್ರೇಕ್ ಹಾಕ್ಬ್ಯಾಡ್ರಿ.

ಸಿಗ್ನಲ್ ಕಂಬದ ಮ್ಯಾಲೂ ಒಮ್ಮೊಮ್ಮೆ ಹಳದಿ ಚೌಕನೋ ತ್ರಿಕೋನನೋ ಹಚ್ಚಿರ್ತಾರ. ಸಿಗ್ನಲ್ ಇದ್ದ ಮ್ಯಾಲ ಇದ್ಯಾಕ ಅಂತ ಅನಸ್ತದ. ರಾತ್ರಿ ಭಾಳ ಕಡಿ ಸಿಗ್ನಲ್ ಬಂದ್ ಮಾಡ್ತಾರ, ಆಗ ಆ ಬೋರ್ಡಿನ ಲೆಕ್ಕ ಶುರು. ಸಿಗ್ನಲ್ ಚಾಲೂ ಇದ್ರ ಸಿಗ್ನಲ್ ದೊಡ್ಡದು, ಪೊಲೀಸ್ ಕೈ ತೋರಿಸಿದ್ರ ಪೊಲೀಸ್ ಸಿಗ್ನಲ್‌ಕಿಂತ ದೊಡ್ಡವ. ಮತ್ತ ಇಲ್ಲಿ ಸಿಗ್ನಲ್ ದೀಪ ಹೆಚ್ಚಾಗಿ ನೀವು ನಿಂದರೋ ಗೆರಿ ಬಾಜೂಕೇ ಇರ್ತದ, ಕ್ರಾಸಿನ ಆಚಿಗಿ ಇರಂಗಿಲ್ಲ. ನಮ್ಮಲ್ಲಿ ನಿಂತಂಗ ಗೆರಿ ದಾಟಿ ಮೂತಿ ಮುಂದ ಮಾಡಿ ನಿಂತ್ರ ದೀಪ ನಿಮ್ಮ ಹಿಂದ ಆಗ್ತದ, ಹಸಿರಾದದ್ದು ಹಿಂದಿನವ ಹಾರ್ನ್ ಹಾಕಿದ ಮ್ಯಾಲೇ ತಿಳಿಯೋದು.

ಡಿಪ್ಪರ್ ಬಗ್ಗೆ ಕೇಳಿದ್ರಿ, ಭಾಳ ಛಲೋ ಮಾಡಿದ್ರಿ. ನಮ್ಮಲ್ಲಿ ಎದುರಿನವ ಡಿಪ್ಪರ್ ಹೊಡ್ದ ಅಂದ್ರ "ನಾ ಬರ್ಲತ್ತೀನಿ, ನೀ ನಿಂದ್ರು". ಇಲ್ಲಿ ಇಕ್ಕಟ್ಟ ಜಾಗದಾಗ ಎದುರಿನವ ನಿಂತು ಡಿಪ್ಪರ್ ಹೊಡ್ದ ಅಂದ್ರ ಹೆಚ್ಚಾಗಿ "ನೀವು ಬರ್ರಿ" ಅಂತ. ಇಬ್ಬರೂ ನಿಂತು ಮುಖ ನೋಡೋ ಪ್ರಸಂಗ ಬರ್ತದ. ಕಾನೂನು ಪುಸ್ತಕದಾಗ ಈ ದಾರಿ ಬಿಡೋ ಡಿಪ್ಪರ್ ಇಲ್ಲ, ರೂಢಿ ಅಷ್ಟೇ. ಅದಕ್ಕ ಅವನ ಗಾಡಿ ಪೂರಾ ನಿಂತದೋ ಇಲ್ಲೋ ನೋಡಿ ಹೋಗ್ರಿ. ಹಾರ್ನ್ ಅಪಾಯ ಇದ್ದಾಗ ಮಾತ್ರ. ಊರ ಹೊರಗ ಓವರ್‌ಟೇಕ್ ಮಾಡ್ತೀನಿ ಅಂತ ತಿಳಿಸಲಕ್ಕ ಹೊಡೀಬಹುದು ಅಂತ ಅದ, ಹೊಡ್ಯೋರು ಕಡಿಮಿ. ಹಾರ್ನ್ ಹೊಡ್ದ್ರ ಮಂದಿ ಬೈದಂಗ ತಿಳ್ಕೋತಾರ.

ಸ್ಪೀಡಿಂದು ಸಲೀಸು. ಊರ ಹೆಸರು ಬರೆದ ಹಳದಿ ಹಲಗಿ ದಾಟಿದ್ರ 50. ಬ್ಯಾರೆ ಅಂಕಿ ಬೋರ್ಡ್ ಇರಂಗಿಲ್ಲ, ಊರ ಹೆಸರೇ ಬೋರ್ಡು. ಅದೇ ಹೆಸರಿನ ಮ್ಯಾಲ ಕೆಂಪು ಗೆರಿ ಎಳೆದದ್ದು ಬಂತಂದ್ರ ಊರು ಮುಗೀತು, 100 ತನಕ ಹೋಗಬಹುದು. ಆಟೋಬಾನ್‌ಗಿ (ಇಲ್ಲಿಯ ಎಕ್ಸ್‌ಪ್ರೆಸ್ ಹೈವೇ) ನೀವು ಮೊದಲ ವಾರ ಹೋಗಂಗಿಲ್ಲ ಅಂತ ತಿಳ್ಕೋತೀನಿ. ಹೋದ್ರೂ ಬಲಗಡಿ ಲೇನ್ ಹಿಡೀರಿ, ಬಲಗಡಿಂದ ಯಾರನ್ನೂ ಓವರ್‌ಟೇಕ್ ಮಾಡ್ಬ್ಯಾಡ್ರಿ. ಟ್ರಾಫಿಕ್ ಜಾಮ್ ಆಗಿ ಗಾಡಿ ನಿಧಾನ ಆಯ್ತಂದ್ರ ನಿಂದರೋಕಿಂತ ಮೊದಲೇ ಎಡ ಲೇನಿನವ್ರು ಪೂರಾ ಎಡಕ್ಕ, ಉಳಿದೋರೆಲ್ಲ ಬಲಕ್ಕ ಸರೀಬೇಕು. ನಡುವ ಅಂಬುಲೆನ್ಸಿಗಿ ದಾರಿ. ಅಂಬುಲೆನ್ಸ್ ಬಂದ ಮ್ಯಾಲ ಸರಿಯೋದಲ್ಲ, ಬರೋಕಿಂತ ಮೊದಲೇ. ಸರಿಯದಿದ್ರ ದಂಡ 200 ಯೂರೋದಿಂದ ಶುರು. ಪೆಟ್ರೋಲ್ ಖಾಲಿಯಾಗಿ ಆಟೋಬಾನ್ ಮ್ಯಾಲ ನಿಂತ್ರೂ ತಪ್ಪು ನಿಮ್ದೇ, ನೋಡ್ಕೊಂಡು ಹೊಂಡ್ಬೇಕಿತ್ತು ಅಂತಾರ.

ಬಲಕ್ಕ ತಿರುಗುವಾಗ ಬಲಗಡಿ ಸೈಕಲ್ ದಾರಿ ಇರ್ತದ. ನೇರ ಹೋಗೋ ಸೈಕಲ್ಲಿನವ ಮೊದಲು, ನೀವು ತಿರುಗೋ ರಸ್ತಾ ದಾಟೋ ನಡಕೊಂಡು ಹೋಗೋರು ಮೊದಲು, ಆಮ್ಯಾಲ ನೀವು. ಕನ್ನಡಿಯಾಗ ಕಾಣದ ಜಾಗದಾಗೇ ಸೈಕಲ್ ಇರ್ತದ, ಅದಕ್ಕ ಭುಜದ ಮ್ಯಾಲಿಂದ ಹಿಂದ ನೋಡ್ರಿ. ಸೈಕಲ್ ದಾಟಿ ಮುಂದ ಹೋಗುವಾಗ ಊರೊಳಗ ಒಂದೂವರಿ ಮೀಟರ್ ಅಂತರ, ಊರ ಹೊರಗ ಎರಡು ಮೀಟರ್. ಅಷ್ಟು ಜಾಗ ಇಲ್ಲ ಅಂದ್ರ ಸೈಕಲ್ ಹಿಂದೇ ಹೋಗ್ಬೇಕು. ಹಿಂದಿನ ಹತ್ತು ಕಾರಿನವ್ರು ಸಮಾಧಾನದಿಂದ ಬರ್ತಾರ, ನೋಡಿದ್ರ ಮಜಾ ಅನಸ್ತದ.

ನೀವು ಗಣಿತದೋರು, ಒಂದು ಲೆಕ್ಕ ಕೊಡ್ತೀನಿ, ಬಿಡಸ್ರಿ. ಬೋರ್ಡಿಲ್ಲ, ಸಿಗ್ನಲ್ಲಿಲ್ಲ. ನೀವು ನೇರ ಹೊಂಟೀರಿ. ನಿಮ್ಮ ಬಲಗಡಿ ಒಂದೇ ಓಣಿ ಬಂದು ಕೂಡ್ತದ, ಎಡಗಡಿ ಏನೂ ಇಲ್ಲ. ಓಣಿಯೊಳಗಿಂದ ಒಂದು ನೀಲಿ ಕಾರು ಬಂತು, ಅದು ತನ್ನ ಎಡಕ್ಕ, ಅಂದ್ರ ನೀವು ಬಂದ ದಿಕ್ಕಿಗಿ ಹೋಗ್ಬೇಕು. ಎದುರಿಂದ ಒಂದು ಬಿಳಿ ಕಾರು ನೇರ ಬರ್ಲತ್ತದ. ಯಾರು ಮೊದಲು, ಯಾರು ಎರಡನೇದು, ಯಾರು ಕಡೀಗಿ?

---

ಎಲ್ ಬೋರ್ಡ್ (ಕಲಬುರಗಿ)

ಅಕ್ಕಾರ, ನಾನು ಇಲ್ಲೇ ಡ್ರೈವಿಂಗ್ ಕಲಿಸ್ತೀನಿ, ಕಾಗದ-ಪತ್ರದ ಮಾತು ನಾ ಹೇಳ್ತೀನಿ. ಅದಕ್ಕಿಂತ ಮೊದಲು ಒಂದು ವಿಷಯ. ಬಲಗಡೆಯವನಿಗೆ ದಾರಿ ಬಿಡೋ ನಿಯಮ ನಮ್ಮಲ್ಲಿ ಇಲ್ಲ ಅಂತ ಎಲ್ಲರೂ ತಿಳ್ಕೊಂಡಾರ. 1989ರ ರಸ್ತೆ ನಿಯಮದಲ್ಲೇ ಇತ್ತು: ಪೊಲೀಸ್ ಅಥವಾ ಸಿಗ್ನಲ್ ಇಲ್ಲದ ಕೂಡುರಸ್ತೆಗೆ ಬಂದಾಗ, ಅಡ್ಡ ಇರೋದು ಮುಖ್ಯ ರಸ್ತೆ ಅಂತ ಗುರುತಾಗಿದ್ದರೆ ಅದರ ವಾಹನಗಳಿಗೆ ದಾರಿ ಬಿಡಬೇಕು, ಇಲ್ಲದಿದ್ದರೆ ಬಲಗಡೆಯಿಂದ ಬರುವವರಿಗೆ. ಲರ್ನಿಂಗ್ ಲೈಸೆನ್ಸ್ ಪರೀಕ್ಷೆಗೆ ಹುಡುಗರು ಇದನ್ನ ಬಾಯಿಪಾಠ ಮಾಡಿ ಟಿಕ್ ಹಾಕಿ ಬರ್ತಾರ, ಮರುದಿನ ರಿಂಗ್ ರೋಡಿಗೆ ಬಂದ ಕೂಡ್ಲೇ ಮರೀತಾರ. ಹಾಗಾಗಿ ನೀವು ಹೊಸ ನಿಯಮ ಕಲಿಯಾಕತ್ತಿಲ್ಲ, ಹಳೇದನ್ನ ಪಾಲಿಸಲಕ್ಕ ಹೊಂಟೀರಿ ಅಷ್ಟೇ.

ಪರ್ಮಿಟ್‌ಗೆ ಸಾರಥಿ ಪೋರ್ಟಲ್‌ನಲ್ಲಿ (ಸರ್ಕಾರದ ಲೈಸೆನ್ಸ್ ವೆಬ್‌ಸೈಟ್) ಅರ್ಜಿ ಹಾಕ್ರಿ, ಫಾರ್ಮ್ 4ಎ. ಶುಲ್ಕ 1000 ರೂಪಾಯಿ. ಲೈಸೆನ್ಸ್, ಪಾಸ್‌ಪೋರ್ಟ್ ಪ್ರತಿ, ಫೋಟೊ ಇಟ್ಕೊಳ್ರಿ. ಒಂದು ವರ್ಷ ನಡೀತದ, ಆದ್ರೆ ನಿಮ್ಮ ಲೈಸೆನ್ಸ್ ಅದಕ್ಕಿಂತ ಮೊದಲೇ ಮುಗಿಯೋದಿದ್ರೆ ಪರ್ಮಿಟ್ಟೂ ಅಂದೇ ಮುಗೀತದ. 55 ದಾಟಿದವರಿಗೆ ಲೈಸೆನ್ಸ್ ಐದೈದು ವರ್ಷಕ್ಕೆ ರಿನ್ಯೂ ಆಗೋದು, ಅದಕ್ಕೇ ಮೊದಲು ಲೈಸೆನ್ಸಿನ ತಾರೀಖು ನೋಡ್ಕೊಂಡು ಆಮೇಲೆ ಪರ್ಮಿಟ್‌ಗೆ ಹೋಗ್ರಿ. ಪರ್ಮಿಟ್ ಒಂದೇ ಇದ್ದರೆ ಏನೂ ಉಪಯೋಗ ಇಲ್ಲ. ಅದು ಮೂಲ ಲೈಸೆನ್ಸಿನ ಜೊತೆಗಿರೋ ಪುಸ್ತಕ, ಎರಡೂ ಪರ್ಸಿನಲ್ಲಿ ಇರಬೇಕು. ಏಜೆಂಟರಿಗೆ ದುಡ್ಡು ಕೊಡೋ ಕೆಲಸ ಇದರಲ್ಲಿ ಇಲ್ಲ.

ನೀವು ಓಡಿಸೋದು ಮಾರುತಿನೇ ಇದ್ರೆ ಇನ್ನೊಂದು ಮಾತು. ನಮ್ಮ ಗಾಡಿಯೊಳಗೆ ಇಂಡಿಕೇಟರ್ ಸ್ಟೇರಿಂಗ್ ಬಲಕ್ಕೆ, ಅಲ್ಲಿ ಎಡಕ್ಕೆ. ಮೊದಲ ಕೆಲವು ದಿನ ತಿರುಗೋ ಪ್ರತಿ ಸಲ ವೈಪರ್ ಆಡ್ತದ. ಅದಕ್ಕೇನೂ ದಂಡ ಇಲ್ಲ.

---

ಶಹಾಪುರ ಟು ಶಾರ್ಜಾ

ಸಲಾಂ ಟೀಚರ್. ನಾ ಯಾದಗಿರಿ ಜಿಲ್ಲಾ ಶಹಾಪುರದವ, ಇಲ್ಲಿ ಡೆಲಿವರಿ ವ್ಯಾನ್ ಹೊಡಿತೀನಿ. ಜರ್ಮನಿ ನನಗ ಗೊತ್ತಿಲ್ಲ, ಬಲಗಡಿ ಗಾಡಿ ಹೊಡಿಯೋದು ಗೊತ್ತದ. ಅದರದ್ದು ಒಂದೇ ಮಾತು ಹೇಳ್ತೀನಿ.

ಟ್ರಾಫಿಕ್ ಇದ್ದಾಗ ಏನೂ ಆಗಂಗಿಲ್ಲ, ಮುಂದಿನವನ ಹಿಂದ ಹೋಗ್ತೀರಿ. ಖತರಾ ಇರೋದು ರಸ್ತಾ ಖಾಲಿ ಇದ್ದಾಗ. ಬೆಳಗ್ಗೆ ಜಲ್ದಿ ಪೆಟ್ರೋಲ್ ಪಂಪಿಂದ ಹೊರಗ ಬರ್ತೀರಿ, ಯಾರೂ ಇಲ್ಲ, ತಲಿಯೊಳಗ ಮನಿ ವಿಚಾರ ನಡದಿರ್ತದ, ಕೈ ತಾನಾಗೇ ಎಡಗಡಿ ರಸ್ತಾಕ್ಕ ತಿರಗ್ತದ. ಹೊಸಬ ಡ್ರೈವರ್ ಬಂದ್ರ ನಾವು ಇದನ್ನೇ ಮೊದಲು ಹೇಳೋದು: ಎಡಕ್ಕ ತಿರುಗೋದು ದೊಡ್ಡ ಸುತ್ತು, ಬಲಕ್ಕ ತಿರುಗೋದು ಸಣ್ಣ ಸುತ್ತು. ಮತ್ತ ಡ್ರೈವರ್ ಯಾವಾಗೂ ರಸ್ತಾದ ನಡು ಗೆರಿ ಬಾಜೂಕ ಇರ್ಬೇಕು, ಫುಟ್‌ಪಾತ್ ನಿಮ್ಮ ಬಾಜೂಕ ಬಂತಂದ್ರ ರಾಂಗ್ ಸೈಡಿಗಿ ಇದ್ದೀರಿ. ಲಂಡನ್‌ನ್ಯಾಗೂ, ದುಬೈನ್ಯಾಗೂ, ಕಲಬುರಗಿಯಾಗೂ ಇದು ನಡೀತದ.

ಗುಂಡಾ ಸರ್ಕಲ್ ಬಗ್ಗೆ: ಒಳಗಿದ್ದವ ಮೊದಲು, ಹೊರಗಿಂದ ಬರೋನು ಕಾಯ್ಬೇಕು. ಇಲ್ಲಿ ಹಂಗ. ನಮ್ಮ ಕಡಿ ಸರ್ಕಲ್‌ನ್ಯಾಗ ಹೊರಗಿನವ ನುಗ್ಗತಾನ, ಒಳಗಿದ್ದವ ನಿಂದರ್ತಾನ, ಅದಕ್ಕೇ ಪೂರಾ ಜಾಮ್.

ಒಂದು ದೇಶದಾಗ ಕಲ್ತದ್ದು ಇನ್ನೊಂದು ಕಡಿ ನಡಿಯಂಗಿಲ್ಲ ಅನ್ನೋದಕ್ಕ ಇಲ್ಲೇ ನೋಡ್ರಿ. ದುಬೈನ್ಯಾಗ ಬೋರ್ಡ್ 100 ಇದ್ರ 120 ದಾಟಿದ ಮ್ಯಾಲ ಕ್ಯಾಮೆರಾ ಹೊಡಿತದ. ಅಬುಧಾಬಿಯಾಗ 2018ರಿಂದ ಆ ಬಫರ್ ತಗ್ದು ಹಾಕ್ಯಾರ, ಬೋರ್ಡ್ ಎಷ್ಟೋ ಅಷ್ಟೇ. ಒಂದೇ ದೇಶ, ಒಂದೇ ರಸ್ತಾ, ಗಡಿ ದಾಟಿದ್ರ ಲೆಕ್ಕ ಬ್ಯಾರೆ. ದುಬೈ ಗುಂಗಿನ್ಯಾಗ ಅಬುಧಾಬಿಗಿ ಹೋದೋರು ದಂಡ ಕಟ್ಟಿ ಬರ್ತಾರ. ಮತ್ತ ಯಾರಾದ್ರೂ ಈ ಪರ್ಮಿಟ್ ತಗೊಂಡು ಕೆಲಸಕ್ಕ ದುಬೈಗಿ ಬರೋರಿದ್ರ ಕೇಳ್ರಿ: ಪರ್ಮಿಟ್ ವಿಸಿಟ್‌ಗಿ ಬಂದೋರಿಗಿ. ರೆಸಿಡೆನ್ಸ್ ವೀಸಾ ಆದ ಮ್ಯಾಲ ಇಲ್ಲಿಯ ಲೈಸೆನ್ಸೇ ಬೇಕು, ಅದಕ್ಕ ಕ್ಲಾಸು, ಟೆಸ್ಟು, ರೊಕ್ಕ ಎಲ್ಲಾ ಅದ.

---

ಗಣಿತದ ಅಕ್ಕೋರು (ಕಲಬುರಗಿ)

ಎಲ್ಲಾರಿಗೂ ಥ್ಯಾಂಕ್ಸ್ ರೀ.

ಬಹಮನಿ ಬೈಕರ್ ತಮ್ಮಾ, ಸಿಟ್ಟಿಲ್ಲ. ಬಸ್ಸಿಂದು ಕೇಳ್ದೆ. ಆ ಊರಾಗ ಆಯ್ತವಾರ ಎರಡು ತಾಸಿಗಿ ಒಂದು ಬಸ್ಸು, ರಾತ್ರಿ ಇಲ್ಲ. ಬಾಣಂತಿಗಿ ನಡುರಾತ್ರಿ ಜ್ವರ ಬಂದ್ರ ನಿನ್ನ 58 ಯೂರೋ ಪಾಸ್ ಇಟ್ಕೊಂಡು ಏನು ಮಾಡ್ಲಿ? ಮತ್ತ "ಈ ವಯಸ್ಸಿನ್ಯಾಗ" ಅನ್ನೋದು ನಿನ್ನ ಟೀಚರ್‌ಗಿ ಹೇಳೋ ಮಾತಲ್ಲ.

ಭಾಲ್ಕಿ ತಮ್ಮಾ, ಲೆಕ್ಕ ಬಿಡಿಸ್ದೆ. ಪಡಸಾಲಿ ಫರಸಿ ಮ್ಯಾಲ ಸೀಮೆಸುಣ್ಣದಿಂದ ರಸ್ತಾ ಬರ್ದೆ. ಶಹಾಬಾದಿ ಕಲ್ಲಿನ ಜೋಡು ಅಂಚೇ ನಡು ಗೆರಿ ಆಯ್ತು. ಕಡ್ಡಿ ಪೆಟ್ಟಗಿ ಮೂರು ತಂದೆ, ಒಂದು ನಾನು, ಒಂದು ನೀಲಿ, ಒಂದು ಬಿಳಿ. ನಮ್ಮನಿಯವ್ರು ಪೇಪರ್ ಕೆಳಗಿಟ್ಟು ಬಂದು ಕುಂತ್ರು, ಬಿಳಿ ಕಾರು ತಾವು ಹೊಡಿತೀನಿ ಅಂದ್ರು. ಜೀವಮಾನದಾಗ ಮೊದಲ ಸಲ ಗಾಡಿ ಹೊಡ್ದದ್ದು.

ನೀಲಿ ಗಾಡಿ ನನ್ನ ಬಲಕ್ಕ ಅದ, ನಾ ಅದಕ್ಕ ಬಿಡಬೇಕು. ನೀಲಿಯವ ಓಣಿ ಬಾಯಾಗ ನಿಂತು ನೋಡಿದ್ರ ಅವನ ಬಲಕ್ಕ ಬಿಳಿ ಗಾಡಿ ಬರ್ಲತ್ತದ, ಅವ ಅದಕ್ಕ ಬಿಡಬೇಕು. ಬಿಳಿಯವನ ಬಲಕ್ಕ ಯಾರೂ ಇಲ್ಲ, ಆ ಕಡಿ ಓಣಿನೇ ಇಲ್ಲ. ಅಂದ್ರ ಮೊದಲು ಬಿಳಿ, ಎರಡನೇದು ನೀಲಿ, ಕಡೀಗಿ ನಾನು. ನೇರ ಹೋಗೋಕಿ ನಾನೇ ಎಲ್ಲಾರಕಿಂತ ಹಿಂದ! ಬಿಳಿಯವನಿಗೂ ನನಗೂ ಜಗಳ ಇಲ್ಲ, ಅವನ ದಾರಿ ಅವನಿಗಿ, ನನ್ನ ದಾರಿ ನನಗ. ನನ್ನ ದಾರಿ ಕತ್ತರಿಸೋನು ನೀಲಿಯವ ಒಬ್ಬನೇ. ಅವ ಬಿಳಿಯವನ ಸಲುವಾಗಿ ನಿಂತಾಗ ನಾ ಸಟ್ಟನೆ ದಾಟಿ ಹೋಗಬಹುದಲ್ಲ ಅಂತ ನಮ್ಮನಿಯವ್ರು ಅಂದ್ರು. ಗಾಡಿ ಬರದಿದ್ರೂ ಕಲಬುರಗಿ ಬುದ್ಧಿ ಮಾತ್ರ ಪೂರಾ ಅದ.

ಇದೇ ಫರಸಿ ಮ್ಯಾಲ ನಾಲ್ಕು ರಸ್ತಾ ಬರ್ದು ನಾಲ್ಕೂ ಕಡಿ ಪೆಟ್ಟಗಿ ಇಟ್ಟೆ, ನಾಲ್ಕೂ ನೇರ ಹೋಗೋವು. ಪ್ರತಿಯೊಬ್ಬನ ಬಲಕ್ಕೂ ಒಬ್ಬ ಇದ್ದಾನ. ಹಂಗಾದ್ರ ಯಾರೂ ಹೋಗಂಗಿಲ್ಲ, ಲೆಕ್ಕ ಸುತ್ತು ಹೊಡಿತದ. ಇದಕ್ಕ ಉತ್ತರ ಏನು? ಇನ್ನೊಂದು, ಬಲಗಡಿಂದ ಬರೋದೆಲ್ಲ ಓಣಿನೇ ಇರ್ತದೇನು? ಯಾರದೋ ಮನಿ ಗೇಟಿನಿಂದ, ಅಂಗಡಿ ಪಾರ್ಕಿಂಗ್‌ನಿಂದ, ಹೊಲದ ದಾರಿಯಿಂದ ಗಾಡಿ ಬಂದ್ರೂ ನಾ ನಿಂದರ್ಬೇಕೇನು?

---

ಭಾಲ್ಕಿ ಹುಡುಗ

ಲೆಕ್ಕ ನೂರಕ್ಕ ನೂರು ಅಕ್ಕೋರ. ಕಾಕಾ ಅವರಿಗಿ ಹೇಳ್ರಿ, ನೀಲಿಯವ ನಿಂತಾಗ ಸಟ್ಟನೆ ದಾಟೋದನ್ನ ಪರೀಕ್ಷಾದಾಗ ಮಾಡಿದ್ರ ಪರೀಕ್ಷಕರು ಅಲ್ಲೇ ಗಾಡಿ ಬಾಜೂಕ ಹಚ್ಚಸ್ತಾರ. ನೀಲಿಯವ ನಿಂತು "ನೀವು ಹೋಗ್ರಿ" ಅಂತ ಕೈ ಮಾಡಿದ್ರ ಮಾತ್ರ ಹೋಗಬಹುದು.

ನಾಲ್ಕೂ ಕಡಿ ಗಾಡಿ ಬಂದ್ರಂತೂ ನಿಯಮದಾಗ ಉತ್ತರ ಇಲ್ಲ, ನೀವು ಹೇಳಿದಂಗ ಸುತ್ತು ಹೊಡಿತದ. ಆಗ ಕಣ್ಣು, ಕೈ ಸನ್ನಿ. ಒಬ್ಬ ತನ್ನ ಹಕ್ಕು ಬಿಟ್ಟು ಇನ್ನೊಬ್ಬನಿಗಿ ಕೈ ಮಾಡ್ತಾನ, ಅವ ಹೋದ ಕೂಡ್ಲೇ ಉಳಿದ ಲೆಕ್ಕ ತಾನೇ ಬಿಡ್ತದ. ಇಲ್ಲಿಯವ್ರಿಗಿ ಇದೇ ಕಷ್ಟದ ಕೆಲಸ, ನಾಲ್ಕೂ ಮಂದಿ ಒಬ್ಬರ ಮುಖ ಒಬ್ಬರು ನೋಡ್ಕೋತ ಕುಂದರ್ತಾರ. ಅದೊಂದು ಕಡಿ ಮಾತ್ರ ನೀವು ಎಲ್ಲಾರಕಿಂತ ಜಲ್ದಿ ಇರ್ತೀರಿ.

ಗೇಟು, ಪಾರ್ಕಿಂಗ್, ಹೊಲದ ದಾರಿ, ಇವಕ್ಕ ಬಲಗಡಿ ನಿಯಮ ನಡಿಯಂಗಿಲ್ಲ. ಅಲ್ಲಿಂದ ರಸ್ತಾಕ್ಕ ಬರೋನೇ ಎಲ್ಲಾರಿಗೂ ದಾರಿ ಬಿಡಬೇಕು. ಗುರುತು ಹಿಡಿಯೋದು ನೆಲ ನೋಡಿ. ಫುಟ್‌ಪಾತ್ ಅಂಚಿನ ಕಲ್ಲು ಕೂಡು ಜಾಗದಾಗ ನಿಂದರದೇ ತಗ್ಗಾಗಿ ಮುಂದುವರದಿದ್ರ, ಆ ಕಲ್ಲಿನ ಮ್ಯಾಲಿಂದ ಹತ್ತಿ ಇಳಿದು ಬರೋ ಗಾಡಿಗಿ ಹಕ್ಕಿಲ್ಲ. ಕಲ್ಲು ಒಳಕ್ಕ ಬಳಕಿ ಡಾಂಬರು ನೇರ ನಿಮ್ಮ ರಸ್ತಾಕ್ಕ ಕೂಡಿದ್ರ ಅದು ಓಣಿ, ಹಕ್ಕದ. ಮಳಿಯಾಗ, ಎಲಿ ಬಿದ್ದಾಗ ಇದು ಕಾಣಂಗಿಲ್ಲ. ಸಂಶಯ ಬಂದ್ರ ನಿಧಾನ ಮಾಡ್ರಿ.

ಬಸ್ಸಿಂದೊಂದು ಬಿಟ್ಟಿದ್ದೆ. ಬಸ್ಸು ನಾಲ್ಕೂ ಇಂಡಿಕೇಟರ್ ಹಾಕ್ಕೊಂಡು ಸ್ಟಾಪಿಗಿ ಬರ್ಲತ್ತದ ಅಂದ್ರ ದಾಟಂಗಿಲ್ಲ. ನಾಲ್ಕೂ ಹಾಕಿ ನಿಂತಿದ್ರ ನಡಿಯೋ ಸ್ಪೀಡಿನ್ಯಾಗ ದಾಟಬೇಕು, ಎದುರಿಂದ ಬರೋರಿಗೂ ಅದೇ ಲೆಕ್ಕ. ಸಾಲಿ ಹುಡುಗರು ಇಳೀತಿರ್ತಾರ.

ಇನ್ನು ಗಾಡಿಗಿಂತ ಮೊದಲು ಕೇಳಬೇಕಾದ್ದು ಅಳಿಯಂದ್ರ ವಿಮಿ. ಇಲ್ಲಿ ಕಾರಿನ ವಿಮಾದಾಗ ಯಾರ್ಯಾರು ಗಾಡಿ ಹೊಡೀತಾರ ಅಂತ ಬರ್ಸಿರ್ತಾರ. ಗಂಡ-ಹೆಂಡ್ತಿ ಇಬ್ಬರೇ ಅಂತ ಇದ್ರ ನೀವು ಹೊಡ್ದಾಗ ಏನಾದ್ರೂ ಆದ್ರ ಕಂಪನಿಯವ್ರು ಹೆಚ್ಚಿನ ರೊಕ್ಕ ಕೇಳ್ತಾರ. ಅಳಿಯಂದ್ರು ಒಂದು ಫೋನ್ ಮಾಡಿ ಅಷ್ಟು ದಿನಕ್ಕ ನಿಮ್ಮ ಹೆಸರು ಸೇರಸ್ಬೇಕು. ಅವರಿಗಿ ಇದನ್ನ ಹೇಳ್ರಿ, ನಿಮ್ಮ ಫರಸಿ ಫೋಟೊನೂ ಕಳಸ್ರಿ. ಕೂಸನ್ನ ದವಾಖಾನಿಂದ ಮನಿಗಿ ತರುವಾಗ ತೊಡಿ ಮ್ಯಾಲ ಕುಂದರಸ್ಕೊಂಡು ಬರಂಗಿಲ್ಲ, ಮೊದಲ ದಿನದಿಂದಲೇ ಕೂಸಿನ ಸೀಟು ಬೇಕು. ಇಲ್ಲಿ 12 ವರ್ಷ ಅಥವಾ 150 ಸೆಂಟಿಮೀಟರ್ ಎತ್ತರ ಆಗೋ ತನಕ ಅದೇ ನಿಯಮ. ಸೀಟು ಕಟ್ಟೋದನ್ನ ಅಳಿಯಂದ್ರು ಊರಾಗ ಇದ್ದಾಗಲೇ ಒಮ್ಮೆ ಕಲ್ತು ಬಿಡ್ರಿ, ಅದರ ಬೆಲ್ಟ್ ಹಾಕೋದು ಈ ಎಲ್ಲಾ ರೂಲ್ಸ್‌ಕಿಂತ ತ್ರಾಸು.

---

ಗಣಿತದ ಅಕ್ಕೋರು (ಕಲಬುರಗಿ)

ವಿಮಿ ಮಾತು ಅಳಿಯಂದ್ರಿಗಿ ಹೇಳ್ದೆ. ಫರಸಿ ಫೋಟೊ ಮೊದಲೇ ಮಗಳು ಕಳಿಸಿದ್ಳಂತ. "ಹೆಸರು ಸೇರಸ್ತೀನಿ, ಆದ್ರ ಮೊದಲ ವಾರ ನಾ ಬಾಜೂಕ ಕುಂದರ್ತೀನಿ" ಅಂದ್ರು. ಆಗಲಿ ಅಂದೀನಿ. ಆರ್‌ಟಿಓಕ್ಕ ಸೋಮವಾರ ಹೊಂಟೀನಿ, ಲೈಸೆನ್ಸ್ ತಾರೀಖು ನೋಡ್ದೆ, ಇನ್ನೂ ಎರಡು ವರ್ಷ ಅದ. ಸಾರಥಿಯಾಗ ಫೋಟೊ ಅಪ್‌ಲೋಡ್ ಆಗ್ಲತ್ತಿಲ್ಲ, ಸೈಜ್ ಜಾಸ್ತಿ ಅಂತದ. ಎಲ್ ಬೋರ್ಡ್ ತಮ್ಮಾ, ಎಷ್ಟು ಕೆಬಿ ಇರ್ಬೇಕು ಅಂತ ಹೇಳಪಾ.